ಮೋಡಣ್ಣನ ಹೊಗೆ

ಸೋಮವಾರ ಬೆಳಗ್ಗೆ ಹತ್ತಕ್ಕೆ ಮೈಕ್‌ಸೆಟ್ ಅಂಗಡಿಯ ಮಾಲೀಕ ಠಾಣೆಗೆ ಬಂದು ಕಳ್ಳತನದ ದೂರು ಕೊಟ್ಟ. ಕಳುವಾದದ್ದು ವೇದಿಕೆಯಲ್ಲಿ ಹೊಗೆ ಎಬ್ಬಿಸುವ ಯಂತ್ರಕ್ಕೆ ಹಾಕುವ ದ್ರಾವಣ. ಕಳ್ಳ ಕ್ಯಾನಿನಿಂದ ಬಗ್ಗಿಸಿಕೊಂಡಷ್ಟೂ ನೀರು ತುಂಬಿಸಿಟ್ಟಿದ್ದ.

“ನಿನ್ನೆ ಗಾಯಕಿ ಹೊಗೆ ಮಧ್ಯೆ ಬರಬೇಕಿತ್ತು ಸಾರ್. ಮೆಷೀನು ಆಯಮ್ಮನ ಮುಖಕ್ಕೆ ನೀರು ಉಗೀತು. ಮೇಕಪ್ಪೂ ಹೋಯ್ತು, ನನ್ನ ಮರ್ಯಾದೆನೂ ಹೋಯ್ತು.”

ಇನ್‌ಸ್ಪೆಕ್ಟರ್ ನಗು ತಡೆದುಕೊಂಡು ಎಫ್‌ಐಆರ್ ದಾಖಲಿಸಿದರು. ಹನ್ನೊಂದೂವರೆಗೆ ಮಹಿಳಾ ಹೆಡ್ ಕಾನ್ಸ್‌ಟೇಬಲ್ ಒಬ್ಬರೊಂದಿಗೆ ಅಂಗಡಿಯ ಗೋದಾಮಿಗೆ ಹೋಗಿ ಪಂಚನಾಮೆ ಮಾಡಿದರು, ಕ್ಯಾನನ್ನು ಮೂಸಿಯೂ ನೋಡಿದರು. ಬೀಗ ಒಡೆದಿರಲಿಲ್ಲ.

“ಕೀ ಯಾರ ಹತ್ರ ಇದೆ?”

“ನನ್ನ ಹತ್ರ ಒಂದು, ಹೆಂಡ್ತಿ ಹತ್ರ ಒಂದು. ಅಷ್ಟೇ ಸಾರ್.”

“ಮತ್ತೆ ಇಲ್ಲಿ ಒಳಗೆ ಆರು ಬೈಕು ನಿಂತಿದೆಯಲ್ಲ?”

“ಅವಾ? ಮೇಲಿನ ಆಫೀಸ್ ಹುಡುಗರದ್ದು. ಅವರ ಹತ್ರಾನೂ ಒಂದಿದೆ.”

ದೂರುದಾರನಿಗೆ ಬೈಯಲು ಕಾನೂನಿನಲ್ಲಿ ಅವಕಾಶವಿಲ್ಲ. ಇನ್‌ಸ್ಪೆಕ್ಟರ್ ಸುಮ್ಮನೆ ಮೆಟ್ಟಿಲು ಹತ್ತಿದರು.

ಮೇಲಿದ್ದದ್ದು ಫೋನಿನಲ್ಲಿ ಗ್ರಾಹಕರ ಬೈಗುಳ ಕೇಳುವ ಕಚೇರಿ. ಟೀ ಬಿಡುವಿನಲ್ಲಿ ಆರು ಹುಡುಗರು ತಾರಸಿಯಲ್ಲಿ ವೇಪ್ ಎಂಬ ಇ-ಸಿಗರೇಟು ಎಳೆಯುತ್ತ ನಿಂತಿದ್ದರು. ಒಬ್ಬನ ಹೊಗೆಗೆ ಸ್ಟ್ರಾಬೆರಿ ವಾಸನೆ, ಇನ್ನೊಬ್ಬನದಕ್ಕೆ ಪುದೀನ. ಖಾಕಿ ಕಂಡದ್ದೇ ತಡ, ಆರೂ ಜನರ ಕೈ ಜೇಬಿಗೆ ಹೋಯಿತು.

“ಕೆಳಗಡೆ ಹೊಗೆ ಮೆಷೀನಿನ ದ್ರಾವಣ ಕಳುವಾಗಿದೆ. ಯಾರದು ಕೆಲಸ?”

ಎಲ್ಲರೂ ಬೆಪ್ಪಾಗಿ ನೋಡಿದರು. ಹೆಡ್ ಕಾನ್ಸ್‌ಟೇಬಲ್ ಮುಖ ಸಿಂಡರಿಸಿದರು. “ಇವರಲ್ಲ ಬಿಡಿ ಸಾರ್. ನಮ್ಮನೆ ಕುಕ್ಕರ್ ಇದಕ್ಕಿಂತ ಚೆನ್ನಾಗಿ ಹೊಗೆ ಬಿಡುತ್ತೆ.”

ಕುರುಚಲು ಗಡ್ಡದವನಿಗೆ ಇದು ನಾಟಿತು. “ಅಕ್ಕಾ, ನೀವು ನಮ್ಮ ಮೋಡಣ್ಣನ್ನ ನೋಡಿಲ್ಲ. ಮಗಾ, ಬಿಡು ಒಂದು.”

ಮೂಲೆಯಲ್ಲಿದ್ದ ಮೋಡಣ್ಣನ ಮುಖ ಬಿಳಿಚಿಕೊಂಡಿತು. “ಬೇಡ ಕಣೋ.”

“ಬಿಡೋ, ನಮ್ಮ ಮಾನದ ಪ್ರಶ್ನೆ.”

ಐವರೂ ಅವನನ್ನೇ ನೋಡುತ್ತಿದ್ದರು. ಅವನು ಕಣ್ಣು ಮುಚ್ಚಿ ಎಳೆದು ಬಿಟ್ಟ. ಮೊದಲು ನೀರಿನ ಟ್ಯಾಂಕು ಮಾಯವಾಯಿತು, ಆಮೇಲೆ ಇನ್‌ಸ್ಪೆಕ್ಟರ್. ಹುಡುಗರು ಚಪ್ಪಾಳೆ ತಟ್ಟಿದರು. ಹೊಗೆಯೊಳಗಿನಿಂದ ಇನ್‌ಸ್ಪೆಕ್ಟರ್ ಕೆಮ್ಮಿದ್ದು ಕೇಳಿಸಿತು, ನಂತರ ಮಾತು: “ಇದು ಯಾವ ಹಣ್ಣಿನ ವಾಸನೇನೂ ಅಲ್ಲ. ಆ ಕ್ಯಾನಿಂದೇ.”

ಅವನ ಚೀಲದಲ್ಲಿ ದ್ರಾವಣ ತುಂಬಿದ ಸಣ್ಣ ಬಾಟಲಿ ಸಿಕ್ಕಿತು. ಪಂಚರ ಎದುರು ಜಪ್ತಿ ಮಾಡಿ, ಎರಡು ಗಂಟೆಗೆ ಅವನನ್ನು ಠಾಣೆಗೆ ಕರೆತಂದರು.

“ಸಿಕ್ಕಿಹಾಕ್ಕೋತೀನಿ ಅಂತ ಗೊತ್ತಿರಲಿಲ್ವಾ?”

“ಗೊತ್ತಿತ್ತು ಸಾರ್.”

“ಮತ್ಯಾಕೆ ಬಿಟ್ಟೆ?”

“ಎಲ್ರೂ ಬಿಡು ಅಂದ್ರಲ್ಲ.”

ಇನ್‌ಸ್ಪೆಕ್ಟರಿಗೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು. ಅವನು ತಲೆ ಎತ್ತದೆ ಹೇಳಿದ. “ಕೆಲಸಕ್ಕೆ ಸೇರಿದಾಗ ಒಬ್ನೇ ಕೂತು ಊಟ ಮಾಡ್ತಿದ್ದೆ. ವೇಪ್ ಹಿಡ್ಕೊಂಡ್ಮೇಲೆ ಪಕ್ಕದಲ್ಲಿ ನಿಲ್ಲಿಸ್ಕೊಂಡ್ರು. ನಿಕೋಟಿನ್ ಇರೋ ನಿಜವಾದ್ದು ಎಳೆದ್ರೆ ವಾಂತಿ ಬರ್ತಿತ್ತು. ಇದನ್ನ ಹಾಕಿದ್ರೆ ಹೊಗೆನೂ ಜಾಸ್ತಿ. ನಾನು ಬರದೆ ಟೀಗೇ ಹೋಗ್ತಿರಲಿಲ್ಲ ಅವ್ರು.”

“ಎದೆ ಹೇಗಿದೆ?”

“ಉರಿಯುತ್ತೆ.”

ಮೊದಲು ಇವನನ್ನು ವೈದ್ಯರಿಗೆ ತೋರಿಸಿ ಎಂದು ಇನ್‌ಸ್ಪೆಕ್ಟರ್ ಸಿಬ್ಬಂದಿಗೆ ಗದರಿದರು. ಅಷ್ಟರಲ್ಲಿ ಐವರು ಗೆಳೆಯರು ಅವನನ್ನು ಬಿಡಿಸಿಕೊಳ್ಳಲು ಓಡಿ ಬಂದರು. ಹೆಡ್ ಕಾನ್ಸ್‌ಟೇಬಲ್ ಬಂಧನದ ಕಾಗದ ಮುಂದಿಟ್ಟುಕೊಂಡು ಕೇಳಿದರು. “ಇವನ ಹೆಸರೇನಪ್ಪಾ?”

“ಮೋಡಣ್ಣ ಅಂತ ಬರ್ಕೊಳ್ಳಿ ಅಕ್ಕಾ.”

“ಅಪ್ಪ ಅಮ್ಮ ಇಟ್ಟ ಹೆಸರು.”

ಐವರೂ ಮುಖ ಮುಖ ನೋಡಿಕೊಂಡರು. ಗಡ್ಡದವನು ಫೋನು ತೆಗೆದು ನೋಡಿದ. ಅದರಲ್ಲೂ ಮೋಡಣ್ಣನೇ ಇದ್ದ.

ಬೆಂಚಿನ ಮೇಲಿದ್ದವನು ಮೆಲ್ಲಗೆ ತನ್ನ ಹೆಸರು ಹೇಳಿದ. ಹೆಡ್ ಕಾನ್ಸ್‌ಟೇಬಲ್‌ಗೆ ಅದು ಸರಿಯಾಗಿಯೇ ಕೇಳಿಸಿತ್ತು. ಆದರೂ ಇನ್ನೊಮ್ಮೆ ಹೇಳಿಸಿದರು, ಐವರಿಗೂ ಕೇಳುವಷ್ಟು ಗಟ್ಟಿಯಾಗಿ.