ಬೆರಳು ಒಪ್ಪದ ಫೋನು

ಫೋನು ಇರಲಿಲ್ಲ.

ಗುಂಡಕ್ಕ ತನ್ನ ಕಬ್ಬಿಣದ ಕಪಾಟಿನಿಂದ ಒಂದೊಂದೇ ಸಾಮಾನು ಹೊರಗೆಳೆದಳು. ಊಟದ ಡಬ್ಬಿ. ಬದಲಿ ಚಪ್ಪಲಿ. ಬಾಚಣಿಗೆ. ಫೋನು ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಕೊಡವಿದಳು. ಖಾಲಿ.

"ಯಾರಾದ್ರೂ ತಮಾಷೆಗೆ ತಗೊಂಡಿದ್ರೆ ಕೊಟ್ಬಿಡ್ರೇ. ನನ್ನ ಮಗಳಿಗೆ ಇವತ್ತೋ ನಾಳೆಯೋ ಅಂತಿದೆ. ಹೆರಿಗೆ ನೋವು ಬಂದ್ರೆ ಸುದ್ದಿ ಬರೋದು ಆ ಫೋನಿಗೇ."

ಯಾರೂ ನಗಲಿಲ್ಲ.

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ ನಮ್ಮದು. ನೆಲಮಾಳಿಗೆ. ಎರಡು ದೊಡ್ಡ ಮಷೀನು, ಬಟ್ಟೆ ನೆನೆಹಾಕುವ ನಾಲ್ಕು ಸೋಡಾ ತೊಟ್ಟಿ, ಒಂದು ಇಸ್ತ್ರಿ ಮೇಜು, ಹತ್ತು ಜನ ಹೆಂಗಸರು. ಕಪಾಟುಗಳಿಗೆ ಚಿಲಕವಿದೆ, ಬೀಗವಿಲ್ಲ. ಬೇಕು ಅಂತ ಇಷ್ಟು ವರ್ಷದಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಅಷ್ಟರಲ್ಲಿ ಮೇಲ್ವಿಚಾರಕಿ ಮೇಡಂ ಮೆಟ್ಟಿಲಿಳಿದು ಬಂದರು.

"ಗುಂಡಕ್ಕಾ, ನಿನ್ನ ಮಗಳು ಆಫೀಸಿಗೆ ಫೋನ್ ಮಾಡಿದ್ಲು. ಹನ್ನೆರಡು ಗಂಟೆಗೆ ನೀನು ಕಾಲ್ ಮಾಡಿ ಮಾತೇ ಆಡ್ಲಿಲ್ವಂತೆ. ಅಮ್ಮನಿಗೇನಾಯ್ತು ಅಂತ ಅಳ್ತಿದ್ದಾಳೆ."

"ನಾನೆಲ್ಲಿ ಮಾಡ್ದೆ ಮೇಡಂ? ಫೋನೇ ಇಲ್ವಲ್ಲ!"

ಆಗ ನಾನು ಬಾಯಿ ಬಿಟ್ಟೆ. ಬಿಡಬಾರದಿತ್ತು.

"ಫೋನಿನ ಬೀಗ ತೆಗೀದೆ ಕಾಲ್ ಹೋಗಲ್ಲ," ಎಂದೆ. "ಆ ಬೀಗ ತೆಗೆಯೋ ಬೆರಳು ಇಲ್ಲಿ ಇರೋದು ಒಂದೇ."

ಒಂಬತ್ತು ತಲೆಗಳು ಇಸ್ತ್ರಿ ಮೇಜಿನ ಕಡೆ ತಿರುಗಿದವು. ಅಲ್ಲಿ ಹೊಸಬಳು ನಿಂತಿದ್ದಳು. ಕೆಲಸಕ್ಕೆ ಸೇರಿ ಮೂರು ವಾರ. ಅವಳ ಚೀಲವನ್ನು ಗುಂಡಕ್ಕನೇ ಬಿಚ್ಚಿದಳು. ಮಡಿಸಿಟ್ಟ ಟವೆಲಿನ ಕೆಳಗೆ ಫೋನು ತಣ್ಣಗೆ ಮಲಗಿತ್ತು.

*

ಮೂರು ದಿನದ ಹಿಂದಿನ ಮಾತು ಹೇಳಬೇಕು.

ಅಂದು ಬೆಳಗಿನ ಚಹಾದ ಹೊತ್ತಿಗೆ ಗುಂಡಕ್ಕ ಆ ಫೋನನ್ನು ಮೊದಲ ಸಲ ತಂದಿದ್ದಳು. ಅಂಗಡಿಯಲ್ಲಿದ್ದುದರಲ್ಲೇ ಅಗ್ಗದ್ದು. ಕಂಪನಿಯ ಜೊತೆ ಕರಾರಿಲ್ಲ, ತಿಂಗಳ ಬಿಲ್ಲಿಲ್ಲ, ಬೇಕಾದಾಗ ಕರೆನ್ಸಿ ಹಾಕಿಸಿಕೊಂಡರಾಯಿತು. ಹೆಣ್ಣು ನೋಡಲು ಬಂದವರ ಹಾಗೆ ನಾವೆಲ್ಲ ಅದನ್ನು ಸುತ್ತುವರಿದೆವು.

"ಸೋಪಿನ ಡಬ್ಬಿ ಇದ್ದಂಗಿದೆ. ಭಾರವೇ ಇಲ್ಲ."

"ಫೋಟೋ ನೋಡ್ರೇ, ಎಲ್ಲರೂ ಮೈದಾ ಹಿಟ್ಟಲ್ಲಿ ಬಿದ್ದೆದ್ದಂಗೆ ಬಂದಿದೀವಿ."

"ಹಾಡು ಹಾಕಿದ್ರೆ ಡಬ್ಬದೊಳಗೆ ನೊಣ ಸಿಕ್ಕಂಗೆ ಕೇಳ್ಸುತ್ತೆ."

"ಒತ್ತಿದ್ರೆ ತಕ್ಷಣ ಏನೂ ಮಾಡಲ್ಲ. ಯೋಚನೆ ಮಾಡಿ ಹೇಳ್ತೀನಿ ಅನ್ನುತ್ತೆ, ನಮ್ಮ ಮೇಡಂ ತರ!"

ಗುಂಡಕ್ಕ ಯಾವುದಕ್ಕೂ ಬೇಜಾರು ಮಾಡಿಕೊಳ್ಳಲಿಲ್ಲ. "ಮೊಮ್ಮಗು ಮುಖ ಕಾಣ್ಸಿದ್ರೆ ಸಾಕು ಕಣ್ರೇ. ಮಿಕ್ಕಿದ್ದು ಹಾಳಾಗೋಗ್ಲಿ."

ಬೀಗಕ್ಕೆ ನಾಲ್ಕು ಅಂಕಿಯನ್ನು ಅವಳೇ ಬೆನ್ನು ತಿರುಗಿಸಿ ಒತ್ತಿದಳು. ಬೆರಳಿಟ್ಟರೂ ಬೀಗ ತೆಗೆಯುತ್ತದೆಂದು ಅಂಗಡಿಯವನು ಹೇಳಿದ್ದನಂತೆ. ಅದನ್ನು ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ನಲವತ್ತು ದಾಟಿದ ಮೇಲೆ ಸಂಜೆ ಶಾಲೆಗೆ ಹೋಗಿ ಅಕ್ಷರ ಕಲಿತವಳು ನಾನು. ಏನೇ ಕಾಗದ ಬಂದರೂ "ದೊಡ್ಡಕ್ಕನ ಕೈಗೆ ಕೊಡ್ರಿ" ಎನ್ನುತ್ತಾರೆ. ನನಗೂ ಅದು ರುಚಿಸಿತ್ತು.

ಗುಂಡಕ್ಕನ ಬೆರಳನ್ನು ಫೋನು ಒಪ್ಪಲಿಲ್ಲ. ನನ್ನದೂ ಇಲ್ಲ. ವರ್ಷಗಟ್ಟಲೆ ಸೋಡಾ ನೀರಲ್ಲಿ ನೆನೆದ ಬೆರಳುಗಳು ನಮ್ಮವು. ಗೆರೆಗಳೆಲ್ಲ ಸವೆದು ತುದಿ ನುಣ್ಣಗಾಗಿದೆ. ಒಬ್ಬೊಬ್ಬರೇ ಒತ್ತಿದರು, ಬಿದ್ದು ಬಿದ್ದು ನಕ್ಕರು. ಮುರಿದ ಕಾಲು ಕೂಡಿ ಅಂದೇ ಕೆಲಸಕ್ಕೆ ಬಂದಿದ್ದ ನನ್ನ ತಂಗಿ ಬೆಂಚಿನ ತುದಿಯಲ್ಲಿ ಕೂತು ಒಂದಷ್ಟು ಹೊತ್ತು ಒತ್ತಿ ನೋಡಿ, "ನಂದೂ ಅಷ್ಟೇ," ಎಂದು ವಾಪಸು ಕೊಟ್ಟಳು. ಕೊನೆಗೆ ಹೊಸಬಳ ಬಲಗೈ ತೋರುಬೆರಳನ್ನು ನಾನೇ ಹಿಡಿದು ಇಡಿಸಿದೆ. ಫೋನು ಗುಂಯ್ ಎಂದು ನಡುಗಿ ಒಪ್ಪಿಕೊಂಡಿತು. ಚಪ್ಪಾಳೆಯೋ ಚಪ್ಪಾಳೆ.

"ಇರ್ಲಿ ಬಿಡ್ರೇ," ಎಂದಳು ಗುಂಡಕ್ಕ. "ನಾನು ಅಂಕಿ ಮರೆತ ದಿನ ಇವಳನ್ನೇ ಕರ್ಕೊಂಡು ಬಂದ್ರಾಯ್ತು."

*

ಮೇಡಂ ಕೋಣೆಯಲ್ಲಿ ನಾಲ್ವರಿದ್ದೆವು. ಮೇಡಂ, ಗುಂಡಕ್ಕ, ಹೊಸಬಳು, ಸಾಕ್ಷಿ ಸಹಿಗೆಂದು ನಾನು. ಮೇಜಿನ ಮೇಲೆ ರಾಜೀನಾಮೆ ಕಾಗದ.

"ಪೊಲೀಸು ಗಿಲೀಸು ಬೇಡ," ಎಂದರು ಮೇಡಂ. "ನಾಲ್ಕು ಗಂಟೆಯೊಳಗೆ ಸಹಿ ಹಾಕಿ ಹೋಗು."

"ನಾನು ತಗೊಂಡಿಲ್ಲ ಮೇಡಂ. ಬೀಗ ತೆಗೆಯೋದು ನನ್ನ ಬೆರಳೇ ಅಂತ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಕದ್ದು, ಕಾಲ್ ಮಾಡಿ, ನನ್ನ ಚೀಲದಲ್ಲೇ ಇಟ್ಕೋತೀನಾ? ಅಷ್ಟು ಪೆದ್ದಿನಾ ನಾನು?"

"ಸಹಿ."

ಅವಳು ಪೆನ್ನು ಹಿಡಿದಳು. ಹಿಡಿಯಲಾಗದೆ ಬೀಳಿಸಿದಳು. "ಹೆಬ್ಬೆಟ್ಟು ಒತ್ತಲಾ ಮೇಡಂ? ಬೆರಳು ಮಡಚೋಕಾಗ್ತಿಲ್ಲ."

ಆಗ ನೋಡಿದೆ. ಬಲಗೈ ತೋರುಬೆರಳಿಗೆ ಬಿಳಿ ಪಟ್ಟಿ.

"ಇದೇನಾಯ್ತೇ?"

"ಇಸ್ತ್ರಿ ತಾಗ್ತು ಅಜ್ಜಿ."

"ಯಾವಾಗ?"

ಉತ್ತರ ಕೊಟ್ಟದ್ದು ಮೇಡಂ. "ಬೆಳಗ್ಗೆ ಹತ್ತಕ್ಕೆ. ಮುಲಾಮು ನಾನೇ ಹಚ್ಚಿದ್ದು."

ಕಾಲ್ ಹೋದದ್ದು ಹನ್ನೆರಡಕ್ಕೆ.

"ಪಟ್ಟಿ ಬಿಚ್ಚು ಮಗಾ," ಎಂದೆ.

ಬೆರಳ ತುದಿಯಲ್ಲಿ ದ್ರಾಕ್ಷಿಯಷ್ಟು ದಪ್ಪ ಬೊಬ್ಬೆ. ಮೆಲ್ಲಗೆ ಫೋನಿನ ಮೇಲೆ ಇಡಿಸಿದೆ. ಅವಳು ಹಲ್ಲು ಕಚ್ಚಿದಳು. ಫೋನು ಒಪ್ಪಲಿಲ್ಲ. ಇನ್ನೊಮ್ಮೆ ಇಡಿಸಿದೆ. ಇಲ್ಲ.

ಮೇಡಂ ಕುರ್ಚಿ ಮುಂದಕ್ಕೆಳೆದುಕೊಂಡರು. "ಹಾಗಾದ್ರೆ ತೆಗೆದವರ್ಯಾರು? ಬಟ್ಟೆ ವ್ಯಾನಿನ ಡ್ರೈವರು? ಗುಂಡಕ್ಕ ಅಂಕಿ ಒತ್ತಿದ ದಿನ ಅವನೂ ಇಣುಕಿ ನೋಡ್ತಿದ್ದ."

ಗೇಟಿನ ಪುಸ್ತಕ ತರಿಸಿದರು. ವ್ಯಾನು ಹನ್ನೊಂದಕ್ಕೆ ಹೊರಗೆ ಹೋಗಿ ಒಂದಕ್ಕೆ ಬಂದಿತ್ತು. ಡ್ರೈವರು ಅಲ್ಲ.

"ಗುಂಡಕ್ಕಾ, ಅಂಕಿ ಒತ್ತಿ ಬೀಗ ತೆಗಿ," ಎಂದೆ. "ಯಾರ್ಯಾರ ಬೆರಳು ಸೇರಿದೆ ಅಂತ ಅದ್ರಲ್ಲೇ ಇರುತ್ತೆ. ಮೇಡಂ, ನೀವೇ ಓದಿ."

ಮೇಡಂ ಹುಡುಕಿ ಓದಿದರು. "ಬೆರಳು ಒಂದು. ಬೆರಳು ಎರಡು."

"ಎರಡಾ?" ಎಂದಳು ಗುಂಡಕ್ಕ. "ಎರಡು ಹೇಗಾಗುತ್ತೆ? ಒಂದೇ ಅಂತ ದೊಡ್ಡಕ್ಕ ಹೇಳಿದ್ಲಲ್ಲ!"

ನನ್ನ ಕಿವಿ ಬಿಸಿಯಾಯಿತು. ಆ ದಿನ ಹೊಸಬಳ ಸರದಿಗೆ ಮುಂಚೆ ಪರದೆಯ ಮೇಲೆ ಸಣ್ಣಕ್ಷರದಲ್ಲಿ ಏನೋ ಬಂದಿತ್ತು. ನನ್ನ ಕನ್ನಡಕ ಮನೆಯಲ್ಲಿತ್ತು. ಕಾಣುತ್ತಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಅಷ್ಟು ಜನ ನನ್ನನ್ನೇ ನೋಡುತ್ತಿದ್ದರು. ಓದಿದವಳ ಹಾಗೆ ತಲೆಯಾಡಿಸಿ ಕೆಳಗಿದ್ದ ಗುಂಡಿ ಒತ್ತಿಬಿಟ್ಟಿದ್ದೆ. ಒಂದು ಬೆರಳು ಸೇರಿದೆ, ಇನ್ನೊಂದು ಸೇರಿಸಬೇಕೆ ಎಂದು ಅದು ಕೇಳಿರಬೇಕು.

ಹೊಸಬಳಿಗಿಂತ ಮುಂಚೆ ಫೋನು ಯಾರ ಕೈಯಲ್ಲಿತ್ತು?

*

ಗೋಡೆ ಗಡಿಯಾರದಲ್ಲಿ ಮೂರೂವರೆ.

ನನಗೆ ಉತ್ತರ ಗೊತ್ತಾಗಿತ್ತು. ಆದರೂ ಬೇರೆ ಉತ್ತರ ಹುಡುಕಿದೆ. ಸೋಡಾ ತೊಟ್ಟಿಯ ಬೆರಳಿಗೆ ಗೆರೆ ಇರುವುದಿಲ್ಲ, ತಂಗಿಯದು ಹದಿನೈದು ವರ್ಷ ಸೋಡಾದಲ್ಲಿ ಬೆಂದ ಬೆರಳು ಎಂದುಕೊಂಡೆ. ಆದರೆ ಹಿಂದೊಮ್ಮೆ ನಾನು ಕಾಮಾಲೆಯಾಗಿ ಎರಡು ತಿಂಗಳು ಮಲಗಿದ್ದೆ. ಆಗ ಇನ್ನೂ ಸಹಿ ಬರುತ್ತಿರಲಿಲ್ಲ. ಸಂಬಳಕ್ಕೆ ಹೆಬ್ಬೆಟ್ಟು ಒತ್ತಿದಾಗ ಗುಮಾಸ್ತ, "ಏನಮ್ಮಾ, ಈ ಸಲ ಗೆರೆ ಬಂದಿದೆ!" ಎಂದು ಆಶ್ಚರ್ಯಪಟ್ಟಿದ್ದ. ನೀರು ಮುಟ್ಟದಿದ್ದರೆ ಚರ್ಮ ತನ್ನ ಗೆರೆಗಳನ್ನು ಮತ್ತೆ ಬೆಳೆಸಿಕೊಳ್ಳುತ್ತದೆ.

ಕಾಲು ಮುರಿದು ಮಲಗಿದ್ದ ತಂಗಿ ಐದು ವಾರ ನೀರು ಮುಟ್ಟಿರಲಿಲ್ಲ. ಒಂದು ಲೋಟ ತೊಳೆಯಲೂ ನಾನು ಬಿಟ್ಟಿರಲಿಲ್ಲ.

ಸುಮ್ಮನಿದ್ದುಬಿಡಬಹುದಿತ್ತು. ಹೊಸಬಳು ಯಾರೋ ಏನೋ. ತಂಗಿ ನಾನು ಸೊಂಟದ ಮೇಲೆ ಹೊತ್ತು ಸಾಕಿದವಳು. ಮೇಡಂ ಮಸಿ ಪ್ಯಾಡಿನ ಮುಚ್ಚಳ ತೆಗೆದೇ ಇಟ್ಟಿದ್ದರು. ಬೇರೆ ಸುಳಿವು ಸಿಗದಿದ್ದರೆ ಚೀಲದಲ್ಲಿ ಫೋನು ಸಿಕ್ಕಿದ್ದೇ ಸಾಕಾಗುತ್ತಿತ್ತು. ಹೊಸಬಳು ಬೊಬ್ಬೆಯ ಬೆರಳನ್ನು ಊದಿಕೊಳ್ಳುತ್ತ ನಿಂತಿದ್ದಳು. ಈ ಕೆಲಸ ಹೋದರೆ ಕಳ್ಳಿ ಎಂಬ ಹೆಸರು ಹೊತ್ತು ಇನ್ನೊಂದು ಬಾಗಿಲಿಗೆ ಹೋಗಬೇಕಾದವಳು. ಆ ಹೆಸರು ಇಟ್ಟವಳು ನಾನು.

"ಮೇಡಂ," ಎಂದೆ. "ನನ್ನ ತಂಗೀನ ಕರೆಸಿ."

*

ಅವಳು ಕುಂಟುತ್ತ ಬಂದಳು.

"ಬೆರಳು ಕೊಡು."

"ಯಾಕಕ್ಕಾ? ನಂದು ಆವತ್ತೇ ಆಗಲಿಲ್ವಲ್ಲ."

"ಕೊಡೇ."

ಅವಳು ಎಡಗೈ ಚಾಚಿದಳು. ನಾನು ಬಲಗೈ ಎಳೆದುಕೊಂಡೆ. ಬೆರಳ ತುದಿಯನ್ನು ಬೆಳಕಿಗೆ ಹಿಡಿದೆ. ಹೊಸದಾಗಿ ಬಾಚಿದ ಕೂದಲಿನಂಥ ಸಣ್ಣ ಗೆರೆಗಳು. ಫೋನಿನ ಮೇಲೆ ಇಟ್ಟೆ. ಅದು ಎಂದಿನಂತೆ ಒಂದು ಗಳಿಗೆ ಯೋಚಿಸಿತು. ಆಮೇಲೆ ತೆರೆದುಕೊಂಡಿತು.

ನಾನು ಅವಳ ಕೈ ಬಿಟ್ಟೆ.

"ಆವತ್ತು ಯಾಕೆ ಸುಳ್ಳು ಹೇಳಿದೆ?"

"ನಾಚಿಕೆ ಆಯ್ತಕ್ಕಾ." ತಂಗಿ ನೆಲ ನೋಡುತ್ತಿದ್ದಳು. "ನಿಮ್ಮೆಲ್ಲರ ಬೆರಳೂ ಸವೆದಿತ್ತು. ನಂದು ಮಾತ್ರ ಮನೇಲಿ ಕೂತು ತಿಂದು ಬೆಳೆದಿತ್ತು. ಅದನ್ನ ಎಲ್ಲರ ಮುಂದೆ ಹೇಗೆ ಹೇಳ್ಲಿ? ಆಗ ಕದಿಯೋ ಯೋಚನೆ ಇರ್ಲಿಲ್ಲ, ನಿನ್ನಾಣೆ."

"ಮತ್ತೆ?"

"ಇಸ್ತ್ರಿ ಮೇಜು ಖಾಲಿಯಾದ್ರೆ ನಂಗೇ ಅಂತ ಮೇಡಂ ಹೇಳಿದ್ರು. ಅಲ್ಲಿ ಕೂರೋಕೆ ಸ್ಟೂಲಿದೆ. ನಾನು ಮಲಗಿದ್ದಾಗ ಖಾಲಿಯಾಯ್ತು, ಇವಳು ಬಂದು ಕೂತ್ಲು. ನಾನು ಈ ಕಾಲಲ್ಲಿ ತೊಟ್ಟಿ ಮುಂದೆ ನಿಲ್ಲಬೇಕು. ಬೀಗ ತೆಗೆಯೋದು ಇವಳೊಬ್ಬಳದ್ದೇ ಬೆರಳು ಅಂತ ಎಲ್ಲರೂ ನಂಬಿದ್ರಲ್ಲ. ಬೀಗ ತೆಗೆದದ್ದು ಗೊತ್ತಾಗ್ಲಿ ಅಂತ ಮೊದಲು ಕಂಡ ಫೋಟೋ ಒತ್ತಿ ಕಾಲ್ ಮಾಡ್ದೆ. ಇವಳು ಊಟಕ್ಕೆ ಮುಂಚೆ ಕೈ ತೊಳೆಯೋಕೆ ಹೋದಾಗ ಚೀಲಕ್ಕೆ ಹಾಕ್ದೆ. ಬೆರಳು ಸುಟ್ಕೊಂಡಿದ್ದು ನಂಗೆ ಗೊತ್ತಿರ್ಲಿಲ್ಲ."

"ತುಂಬಿದ ಬಸುರೀನ ಹೆದರಿಸಿಬಿಟ್ಯಲ್ಲೇ!" ಎಂದಳು ಗುಂಡಕ್ಕ. ಫೋನನ್ನು ಎದೆಗವಚಿಕೊಂಡು ಹೊರಗೆ ಹೋದಳು, ಮಗಳಿಗೆ ಕಾಲ್ ಮಾಡಲು.

ತಂಗಿ ನನ್ನ ಕಡೆ ತಿರುಗಿದಳು. "ಇವಳ ಮೇಲೆ ನಾನೇ ಹೇಳ್ಬೇಕಾಗುತ್ತೇನೋ ಅಂತ ಹೆದರಿದ್ದೆ. ನೀನೇ ಹೇಳ್ಬಿಟ್ಟೆ. ನನ್ನ ಕೆಲಸ ಹಗುರಾಯ್ತು, ಅಕ್ಕಾ."

ಹೊಡೆದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಮೇಡಂ ರಾಜೀನಾಮೆ ಕಾಗದವನ್ನು ಹರಿದು, ಇನ್ನೊಂದನ್ನು ತೆಗೆದು ತಂಗಿಯ ಮುಂದೆ ಇಟ್ಟರು. ಸಾಕ್ಷಿಯ ಜಾಗದಲ್ಲಿ ನಾನು ಸಹಿ ಹಾಕಿದೆ. ಅಕ್ಷರ ವಕ್ರವಾಯಿತು.

*

ಮೆಟ್ಟಿಲ ಕೆಳಗೆ ಹೊಸಬಳನ್ನು ತಡೆದೆ. "ತಪ್ಪಾಯ್ತು ಮಗಾ. ಕ್ಷಮಿಸು."

ಅವಳು ಬೆರಳಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಳು. ತಲೆಯೆತ್ತಲಿಲ್ಲ.

"ಕಳ್ಳಿ ಅಂತ ಎಲ್ಲರ ಮುಂದೆ ಹೇಳಿದ್ರಿ ಅಜ್ಜಿ. ಕ್ಷಮೆ ಮಾತ್ರ ಮೆಟ್ಟಿಲ ಸಂದೀಲಿ ಕೇಳ್ತೀರಾ?"

ಬಟ್ಟೆ ಒಗೆಯುವ ಕೋಣೆಗೆ ಹೋದೆ. ಎರಡೂ ಮಷೀನು ಗುಡುಗುತ್ತಿದ್ದವು. ಕಿವಿಯ ಹತ್ತಿರ ಬಾಯಿಟ್ಟು ಕೂಗಿದರೂ ಕೇಳಿಸದ ಗದ್ದಲ. ಗೋಡೆಯ ಕೆಂಪು ಸ್ವಿಚ್ಚನ್ನು ಎಳೆದೆ. ಬಟ್ಟೆಗಳು ಒಂದು ಸುತ್ತು ತಿರುಗಿ, ಉಸ್ಸೆಂದು ನೀರಿಗೆ ಬಿದ್ದವು. ಎಲ್ಲರೂ ಕೈ ನಿಲ್ಲಿಸಿ ನೋಡಿದರು.

"ಫೋನ್ ಕದ್ದಿದ್ದು ನನ್ನ ತಂಗಿ," ಎಂದೆ. "ಇವಳಲ್ಲ. ವಿಚಾರಿಸದೆ ಇವಳ ಮೇಲೆ ಹೇಳಿದ್ದು ನಾನು. ಫೋನಲ್ಲಿ ಎರಡು ಬೆರಳು ಸೇರಿತ್ತು, ಅದು ನಂಗೆ ಗೊತ್ತಾಗ್ಲಿಲ್ಲ. ಯಾಕಂದ್ರೆ ಆವತ್ತು ನಾನು ಓದ್ಲೇ ಇಲ್ಲ. ಕಣ್ಣಿಗೆ ಕಾಣ್ತಿರ್ಲಿಲ್ಲ. ಓದಿದಂಗೆ ನಟಿಸಿದೆ."

ಬಾಗಿಲಲ್ಲಿ ತಂಗಿ ಚೀಲ ಹಿಡಿದು ನಿಂತಿದ್ದಳು. ಅವಳಿಗೂ ಕೇಳಿಸಿತು. ಕೇಳಿಸಲಿ ಎಂದೇ ದನಿ ತಗ್ಗಿಸಲಿಲ್ಲ.

ಹೊಸಬಳು ಎಲ್ಲರನ್ನೂ ದಾಟಿಕೊಂಡು ತನ್ನ ಮೇಜಿಗೆ ಹೋದಳು. ಎಡಗೈಯಲ್ಲಿ ಒಂದು ಬೆಡ್‌ಶೀಟು ಹಾಸಿ, ಸ್ಟೂಲು ಎಳೆದುಕೊಂಡು ಕೂತಳು.

"ಆಯ್ತಲ್ಲ ಅಜ್ಜಿ," ಎಂದಳು, ನನ್ನ ಕಡೆ ನೋಡದೆ. "ಮಷೀನ್ ಹಾಕಿ."