ಇಂಜಿನ್ ಇಲ್ಲದ ಕಾರಿನ ಚೌಕಾಸಿ

ನಂಬದವರು ಬಂದು ನೋಡಬಹುದು, ಕಾರು ನಮ್ಮ ಮನೆ ಮುಂದೆಯೇ ನಿಂತಿದೆ. ನಾನು ಗಾಡಿಗಳಿಗೆ ಸೀಟು ಹೊಲಿಯುವವಳು. ಹಳೆಯ ಕಾರೊಂದನ್ನು ಅಗ್ಗಕ್ಕೆ ಕೊಂಡು, ರಿಪೇರಿ ಮಾಡಿ ಓಡಿಸಬೇಕೆಂಬ ಹಟ ನನಗೆ. ಒಂದು ಮಧ್ಯಾಹ್ನ ಅತ್ತಿಗೆಯ ಜೊತೆ, ಕಾರು ಮಾರುವ ಅಜ್ಜನ ಶೆಡ್ಡಿಗೆ ಹೋದೆ.

ಕಾರಿಗೆ ಇಂಜಿನ್ನೇ ಇರಲಿಲ್ಲ. ಶೆಡ್ಡು ತಣ್ಣಗಿತ್ತು. ಆದರೂ ಬಾನೆಟ್ಟು ಈಗಷ್ಟೇ ಓಡಿ ಬಂದು ನಿಂತಂತೆ ಬಿಸಿಯಾಗಿತ್ತು.

ನಾನು ಅರ್ಧ ಬೆಲೆ ಹೇಳಿದೆ. ಅಜ್ಜ ತಲೆ ಅಡ್ಡಡ್ಡ ಆಡಿಸಿದ. "ಅಷ್ಟಕ್ಕೆ ಕೊಟ್ರೆ ಅವಳು ಒಪ್ಪಲ್ಲ ಕಣಮ್ಮ."

"ಯಾರು?"

ಆತ ಖಾಲಿಯಿದ್ದ ಹಿಂದಿನ ಸೀಟಿನ ಕಡೆ ನೋಡಿದ. ಒಳಗಿನ ಹಿಡಿಕೆ ತಾನಾಗಿಯೇ ತಿರುಗಿ, ಹಿಂದಿನ ಕಿಟಕಿಯ ಗಾಜು ನಿಧಾನವಾಗಿ ಮೇಲೇರಿತು.

ಅತ್ತಿಗೆ ನನ್ನ ತೋಳು ಹಿಡಿದೆಳೆದರು. "ಬಾರೇ, ಇದರ ಸಹವಾಸವೇ ಬೇಡ."

ನಾನೂ ಒಂದು ಹೆಜ್ಜೆ ಹಿಂದೆ ಸರಿದೆ. ಆದರೆ ಹೆದರಿಸಿ ಬೆಲೆ ಏರಿಸುವವರನ್ನು ನಾನು ಬೇಕಾದಷ್ಟು ನೋಡಿದ್ದೆ.

"ಇಂಜಿನ್ ಇಲ್ಲ, ತಳವೆಲ್ಲಾ ತುಕ್ಕು. ಸಾಲದ್ದಕ್ಕೆ ಒಳಗೊಬ್ಬಳು ಬಾಡಿಗೆ ಕೊಡದೆ ಕೂತಿದ್ದಾಳೆ. ಅರ್ಧಕ್ಕಿಂತ ಇನ್ನೂ ಸ್ವಲ್ಪ ಇಳಿಸಿ, ಯಜಮಾನ್ರೇ!" ಅಂದೆ.

ಅಜ್ಜ ಇಳಿಸಿದ.

ಕಾರನ್ನು ಮನೆಗೆ ಎಳೆಸಿಕೊಂಡು ಬಂದು ಇಂಜಿನ್ ಕೂರಿಸಿದ್ದಾಯಿತು. ಹಿಂದಿನ ಸೀಟಿಗೆ ಹೊಸ ಸ್ಪಂಜು ಹಾಕಿ ನಾನೇ ಹೊಲಿದೆ. ಬೆಳಗಾಗುವಷ್ಟರಲ್ಲಿ ಎಡಗಡೆ ಯಾರೋ ಕೂತೆದ್ದಂಥ ತಗ್ಗು. ಬಿಚ್ಚಿ ಮತ್ತೆ ಹೊಲಿದೆ, ಮತ್ತೆ ತಗ್ಗು ಬಿತ್ತು. "ಕೂತ್ಕೊಳ್ಳೋದಾದ್ರೆ ಕೂತ್ಕೋ, ಗಾಡಿ ಮಾತ್ರ ನಂದು!" ಎಂದು ಗಟ್ಟಿಯಾಗಿ ಹೇಳಿ, ದಿನವೂ ಓಡಿಸುತ್ತಿದ್ದೇನೆ.

ಮೊನ್ನೆಯಿಂದ ಹಿಂದಿನ ಸೀಟು ಸಮತಟ್ಟಾಗಿದೆ. ತಗ್ಗು ಈಗ ನನ್ನ ಪಕ್ಕದ ಸೀಟಿನಲ್ಲಿದೆ.