ಅಕ್ಕನ ಮಾಸಿಕದ ಮಾರನೆಯ ದಿನ

“ಮಗೂನ ಇಲ್ಲಿ ಮಲಗ್ಸಿ,” ಎಂದು ತಿರುಗಿದ ಡಾಕ್ಟರನ್ನು ಕಂಡು ಸುಚೇತಾ ಮಗುವನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಳು. ಶಿವರಾಜು!

ಟಿ. ನರಸೀಪುರಕ್ಕೆ ಒಳ್ಳೆಯ ಮಕ್ಕಳ ಡಾಕ್ಟರು ಬಂದಿದ್ದಾರೆ ಎಂದು ಯಾರೋ ಹೇಳಿದ್ದೇ ತಡ, ನಂಜನಗೂಡಿನಿಂದ ಓಡಿ ಬಂದಿದ್ದಳು. ಹೆಸರು ಕೇಳಿರಲಿಲ್ಲ. ‘ನನ್ನನ್ನು ಮರೆತುಬಿಡಿ’ ಎಂದು ಕಾರಣ ಹೇಳದೆ ತಾನೇ ದೂರ ಮಾಡಿದ್ದವನ ಮುಂದೆಯೇ ಬಂದು ನಿಲ್ಲಬೇಕೆ... ಹಣೆಬರಹ ನೋಡಿ!

ಅವನು ಹಳೆಯ ಮಾತೆತ್ತಲಿಲ್ಲ. ಮಗುವಿಗೆ ಡ್ರಿಪ್ ಹಾಕಿ, ವಾಂತಿ ನಿಲ್ಲುವ ಇಂಜೆಕ್ಷನ್ ಕೊಟ್ಟು, ಕಿಟಕಿಯ ಪರದೆ ಎಳೆದ.

ಪ್ರಿಯಂವದಾ ತೀರಿಹೋದ ಅಕ್ಕನ ಮಗಳು, ಅಪ್ಪ ಎಂದೋ ಬಿಟ್ಟುಹೋಗಿದ್ದ ಮಗು. ಅಕ್ಕ ಕಣ್ಮುಚ್ಚಿದಾಗಿನಿಂದ ತಿಂಗಳು ತಿಂಗಳೂ ಇದೇ ಪಾಡು. ತಿಂಗಳ ತಿಥಿಯಾದ ಮಾಸಿಕದ ಮಾರನೆಯ ಮುಂಜಾನೆ ಮಗು ಬಿಳಿಚಿಕೊಂಡು ಎದ್ದರೆ ಗುಟುಕು ನೀರೂ ನಿಲ್ಲದು. ಸ್ಕ್ಯಾನು, ರಕ್ತ ಪರೀಕ್ಷೆ ಎಲ್ಲ ಸರಿ. ಆಮೇಲೆ ಏನೂ ಆಗದ ಹಾಗೆ ಆಡಿಕೊಂಡಿರುತ್ತಿತ್ತು.

“ಹೆತ್ತೋಳು ಬಂದು ಕರೀತಿದಾಳೆ ಕಣೇ,” ಎನ್ನುತ್ತಿದ್ದರು ಅಮ್ಮ ಅಂಬುಜಮ್ಮ. ಸುಚೇತಾಳಿಗೂ ಅಡುಗೆಮನೆಯ ಬಾಗಿಲ ಹಿಂದೆ ಅಕ್ಕನ ಬಳೆ ಸದ್ದು ಕೇಳುತ್ತಿತ್ತು. ‘ಇವಳನ್ನ ಬಿಟ್ಟು ಹೋಗ್ಬೇಡ’ ಎಂದು ಸಾಯುವಾಗ ಅಕ್ಕ ಕೈಹಿಡಿದು ಹೇಳಿದ್ದಳಲ್ಲ! ಒಂದು ಮಾಸಿಕದ ದಿನವೇ ಶಿವರಾಜು ಮದುವೆ ಮಾತೆತ್ತಿದ್ದ; ಮರುದಿನವೇ ಮಗು ಹಾಸಿಗೆ ಹಿಡಿಯಿತು. ಅಕ್ಕನಿಗೆ ಕೋಪ ಬಂದಿದೆ... ನಾನು ಹೋದರೆ ಮಗುವನ್ನು ಕರೆದುಕೊಂಡುಬಿಡುತ್ತಾಳೆ!

ಪರದೆ ಎಳೆದ ಕೋಣೆಯ ಮಬ್ಬುಗತ್ತಲಲ್ಲಿ ಶಿವರಾಜುವಿಗೆ ಎಲ್ಲವನ್ನೂ ಹೇಳಿಬಿಟ್ಟಳು.

“ನಾನು ಜಾತಿ ಅಡ್ಡ ಬಂತು ಅಂದ್ಕೊಂಡಿದ್ದೆ,” ಎಂದ ಶಿವರಾಜು. ಆಮೇಲೆ ಡಾಕ್ಟರಾಗಿ ಕೇಳಿದ. ನಿನ್ನೆ ಮಗು ಎಷ್ಟು ಹೊತ್ತಿಗೆ ಎದ್ದಿತು, ಏನು ತಿಂದಿತು?

ನಸುಕಿಗೇ ಎಬ್ಬಿಸಿ ತಲೆಗೆ ನೀರು ಹಾಕಿದ್ದರು. ಕಪಿಲೆಯಲ್ಲಿ ಪಿಂಡ ಬಿಟ್ಟು, ಬ್ರಾಹ್ಮಣರ ಊಟವಾಗಿ, ಮಗುವಿನ ಬಾಯಿಗೆ ತುತ್ತು ಬಿದ್ದಾಗ ಹೊತ್ತು ಇಳಿದಿತ್ತು. ತಾಯಿಗೆ ಮೊದಲು, ಮಗಳಿಗೆ ಆಮೇಲೆ ಎನ್ನುವುದು ಅಂಬುಜಮ್ಮನ ಕಟ್ಟಳೆ.

ಇದು ಸೈಕ್ಲಿಕ್ ವಾಮಿಟಿಂಗ್, ಮತ್ತೆ ಮತ್ತೆ ಮರುಕಳಿಸುವ ವಾಂತಿ, ಮೈಗ್ರೇನ್ ತಲೆನೋವಿನ ನಂಟು, ದೆವ್ವವಲ್ಲ ಎಂದ ಅವನು. ಇಂಥ ಮಕ್ಕಳಿಗೆ ಹಸಿವು, ನಿದ್ದೆಗೇಡು, ದುಃಖ ಎಲ್ಲವೂ ಕಿಡಿ ಹೊತ್ತಿಸುತ್ತವೆ. ದಿನವೂ ಕೊಡಲು ಔಷಧಿ ಬರೆದ. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ ತಪ್ಪಿಸಬಾರದು ಎಂದ.

“ಒಂದು ಕೇಳ್ಲಾ? ನಿಮ್ಮಕ್ಕ ಇದ್ದಾಗ ಮೊದಲು ಯಾರಿಗೆ ಬಡಿಸ್ತಿದ್ರು?”

ಸುಚೇತಾ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಮಗಳು ಉಣ್ಣದೆ ಅಕ್ಕ ಒಂದು ದಿನವೂ ಉಂಡವಳಲ್ಲ.

ಮುಂದಿನ ಮಾಸಿಕದಂದು ಮಗುವನ್ನು ನಿದ್ದೆಯಿಂದ ಎಬ್ಬಿಸಲಿಲ್ಲ. ತಾನಾಗಿ ಎದ್ದಾಗ ಸುಚೇತಾ ಹಾಲು, ಅವಲಕ್ಕಿ ತಂದಳು. ಅಂಬುಜಮ್ಮ ಮೊದಲು ಸಿಡುಕಿದರು. ಶಿವರಾಜು ಕೇಳಿದ್ದ ಪ್ರಶ್ನೆಯನ್ನೇ ಸುಚೇತಾ ಅವರಿಗೂ ಕೇಳಿದಾಗ ಅವಲಕ್ಕಿಯ ಬಟ್ಟಲನ್ನು ಕೈಗೆತ್ತಿಕೊಂಡರು. “ಮಡಿ ಹೋದ್ರೆ ಹೋಗ್ಲಿ,” ಎಂದು ಮೊಮ್ಮಗಳನ್ನು ತೊಡೆಗೆಳೆದುಕೊಂಡು ತಾವೇ ತಿನ್ನಿಸಿದರು.

ಮಾರನೆಯ ಮುಂಜಾನೆ ಸುಚೇತಾ ಹಾಸಿಗೆ ಪಕ್ಕ ಬೇಸಿನ್ ಹಿಡಿದು ಕೂತಿದ್ದಳು. ಬಾಗಿಲ ಹಿಂದೆ ಅದೇ ಬಳೆ ಸದ್ದು... ಅಕ್ಕಾ, ಬೇಡ ಕಣೇ...

ಮಗು ಕಣ್ಣು ಬಿಟ್ಟಿತು. “ಚಿಕ್ಕಮ್ಮ, ಹಸಿವು.”

ಬಳೆ ಸದ್ದು ಮತ್ತೆ ಕೇಳಲಿಲ್ಲ. ಸುಚೇತಾ ಮಗುವಿಗೆ ಉಣ್ಣಿಸಿ, ಆಮೇಲೆ ಶಿವರಾಜುವಿಗೆ ಫೋನ್ ಮಾಡಿದಳು.

“ಮನೆಗೆ ಬಂದು ಅಮ್ಮನ ಹತ್ರ ಮಾತಾಡಿ. ಆದ್ರೆ... ನಾನೊಬ್ಬಳೇ ಬರಲ್ಲ.”

“ನಾನು ಯಾವತ್ತು ಒಬ್ಬಳನ್ನೇ ಕರ್ದಿದ್ದೆ ಸುಚೇತಾ?”